ಹಕ್ಕಿ ಸಿಗಲಿ, ಗೂಡು ಉಳಿಯಲಿ

ಫೆಬ್ರುವರಿ ಮುಗಿಯುವ ಹೊತ್ತಿಗೆ ಬೂರುಗದ ಮರ ಎಲೆಗಳನ್ನೆಲ್ಲ ಕಳಚಿ, ಕೆಂಪು ಹೂಗಳನ್ನಷ್ಟೇ ಹೊತ್ತು ನಿಲ್ಲುತ್ತದೆ. ಹಕ್ಕಿಗಳನ್ನು ನೋಡುವ ಹವ್ಯಾಸವುಳ್ಳವರಿಗೆ ಇದಕ್ಕಿಂತ ಒಳ್ಳೆಯ ಕಾಲ ಮತ್ತೊಂದಿಲ್ಲ. ಮರೆಮಾಡುವ ಎಲೆಯಿಲ್ಲ, ಹೂವಿನ ಬಟ್ಟಲಲ್ಲಿ ಮಕರಂದಕ್ಕೆ ಕೊರತೆಯಿಲ್ಲ. ಪಿಕಳಾರ, ಕಾಜಾಣ, ಗೊರವಂಕ, ಸೂರಕ್ಕಿಗಳೆಲ್ಲ ಒಂದೇ ಮರದಲ್ಲಿ ಜಗಳವಾಡುತ್ತ ಸೇರುತ್ತವೆ. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲ ಕಳೆಯಲು ಬಂದ ಗುಲಾಬಿ ಕಬ್ಬಕ್ಕಿಗಳೂ ಏಪ್ರಿಲ್‌ನಲ್ಲಿ ತವರಿಗೆ ಮರಳುವ ಮುನ್ನ ಇಲ್ಲಿ ಹಾಜರಾಗುತ್ತವೆ. ಯಾವ ಅಭಯಾರಣ್ಯಕ್ಕೂ ಹೋಗದೆ, ನಗರದ ಉದ್ಯಾನವೊಂದರ ಇಂಥ ಮರದ ಕೆಳಗೆ ಬೆಳಗಿನ ಎರಡು ತಾಸು ಕುಳಿತವರು ಹತ್ತು ಹನ್ನೆರಡು ಬಗೆಯ ಹಕ್ಕಿಗಳನ್ನು ಕಂಡು ಮನೆಗೆ ಹೋಗಬಹುದು.

ಕಾಣುವುದು ಬೇರೆ, ಗುರುತಿಸುವುದು ಬೇರೆ. ಯುಗಾದಿಯ ಆಸುಪಾಸಿನಲ್ಲಿ ಕೋಗಿಲೆಯ ದನಿ ಕೇಳದ ಕನ್ನಡಿಗರಿರಲಾರರು. ಆದರೆ ಹಾಗೆ ಕೂಗುವುದು ಕಡುಗಪ್ಪು ಬಣ್ಣದ, ಕೆಂಪು ಕಣ್ಣಿನ ಗಂಡು ಎಂಬುದನ್ನೂ, ಕಂದು ಮೈಮೇಲೆ ಬಿಳಿ ಚುಕ್ಕೆಗಳುಳ್ಳ ಹಕ್ಕಿ ಅದರದೇ ಹೆಣ್ಣು ಎಂಬುದನ್ನೂ ಬಲ್ಲವರು ಕಡಿಮೆ. ‘ಯಾವುದೋ ಹಕ್ಕಿ’ ಎಂದು ಕಡೆಗಣಿಸಿದ್ದಕ್ಕೆ ಒಂದು ಹೆಸರು ದೊರೆತ ಕ್ಷಣದಿಂದ ಅದು ಎಲ್ಲೆಡೆ ಕಾಣತೊಡಗುತ್ತದೆ. ಮೂಡಿಗೆರೆಯ ಕಾಡಂಚಿನಲ್ಲಿ ಕ್ಯಾಮೆರಾ ಹಿಡಿದು ಅಲೆದ ಪೂರ್ಣಚಂದ್ರ ತೇಜಸ್ವಿಯವರು (2007ರಲ್ಲಿ ನಿಧನರಾದರು) ತಮ್ಮ ಬರಹಗಳ ಮೂಲಕ ಕನ್ನಡ ಓದುಗರಿಗೆ ಕೊಟ್ಟಿದ್ದು ಈ ಹೆಸರಿಡಿದು ಕರೆಯುವ ಸಲಿಗೆಯನ್ನು. ಬಾಲ ಕುಣಿಸುತ್ತ ನೀರಂಚಿನಲ್ಲಿ ಓಡಾಡುವ ಹಕ್ಕಿಯನ್ನು ‘ಕುಂಡೆಕುಸ್ಕ’ ಎಂದು ಕರೆದ ನಮ್ಮ ಹಿರಿಯರ ಕಣ್ಣು ಎಷ್ಟು ಚುರುಕಾಗಿತ್ತು ಎಂಬುದು, ಆ ಹಕ್ಕಿಯನ್ನು ಒಮ್ಮೆ ನೋಡಿದವರಿಗೆ ತಾನಾಗಿ ತಿಳಿಯುತ್ತದೆ.

ಈ ಕಲಿಕೆಯಲ್ಲಿ ಕ್ಯಾಮೆರಾದ ಪಾಲು ದೊಡ್ಡದು. ಕ್ಷಣಮಾತ್ರ ಕಂಡು ಮರೆಯಾದ ಹಕ್ಕಿಯ ಕೊಕ್ಕು, ಹುಬ್ಬು, ರೆಕ್ಕೆಯ ಪಟ್ಟಿಗಳನ್ನು ಮನೆಯಲ್ಲಿ ಕುಳಿತು ಪುಸ್ತಕದೊಡನೆ ತಾಳೆನೋಡಲು ಚಿತ್ರವೇ ಬೇಕು. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯು 942 ಪ್ರಭೇದಗಳನ್ನು ಪರಿಶೀಲಿಸಿದ್ದು, ಸುಮಾರು 30,000 ಪಕ್ಷಿವೀಕ್ಷಕರು ದಾಖಲಿಸಿದ ಸುಮಾರು ಮೂರು ಕೋಟಿ ಅವಲೋಕನಗಳ ಬಲದಿಂದ. ಹವ್ಯಾಸಿಗಳು ಕಾಲಹರಣ ಮಾಡುವವರೆಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಆದರೆ ವಸಂತವೆಂದರೆ ಅನೇಕ ಹಕ್ಕಿಗಳಿಗೆ ಗೂಡು ಕಟ್ಟುವ, ಮರಿ ಮಾಡುವ ಕಾಲವೂ ಹೌದು. ತೊಡಕು ಇರುವುದೇ ಇಲ್ಲಿ.

ಫಿಲ್ಮ್ ಸುರುಳಿಯ ಕಾಲದಲ್ಲಿ ಹಕ್ಕಿಯ ಚಿತ್ರವೆಂದರೆ ಬಹುಪಾಲು ಗೂಡಿನ ಚಿತ್ರವೇ. ಫಿಲ್ಮಿನ ಸಂವೇದನೆ ಮಂದ, ಸುರುಳಿಯಲ್ಲಿದ್ದುದು 36 ಚಿತ್ರಗಳು. ಹಕ್ಕಿ ಮರಳಿ ಬಂದೇ ಬರುವ ಖಾತರಿಯಿದ್ದ ಜಾಗ ಗೂಡೊಂದೇ. ಬ್ರಿಟನ್ನಿನ ಹೆಸರಾಂತ ಪಕ್ಷಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಬೆಯೊಂದರ ಗೂಡಿನ ಬಳಿ ಹೋದಾಗ ಅದರ ದಾಳಿಗೆ ಸಿಕ್ಕಿ ಒಂದು ಕಣ್ಣನ್ನೇ ಕಳೆದುಕೊಂಡರು. ಇಂದಿನ ಕ್ಯಾಮೆರಾ ಎರಡು ಸೆಕೆಂಡಿನೊಳಗೆ ಅಂಥ ಒಂದು ಸುರುಳಿಯಷ್ಟು ಚಿತ್ರಗಳನ್ನು ತೆಗೆಯುತ್ತದೆ, ಹಾರುವ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ. ಗೂಡಿನ ಹತ್ತಿರ ಹೋಗಬೇಕಾದ ತಾಂತ್ರಿಕ ಕಾರಣ ಇಲ್ಲವಾಗಿದೆ. ಹೋಗುವವರು ಮಾತ್ರ ಕಡಿಮೆಯಾಗಿಲ್ಲ.

ಕೆಡುಕು ಆಗುವ ಬಗೆ ಸರಳ. ಚಿತ್ರ ಸ್ವಚ್ಛವಾಗಿ ಬರಲೆಂದು ಗೂಡಿನ ಮುಂದಿನ ನಾಲ್ಕು ಎಲೆಗಳನ್ನು ಸರಿಸುತ್ತಾರೆ ಅಥವಾ ಕೀಳುತ್ತಾರೆ. ಅದುವರೆಗೆ ಗೂಡನ್ನು ಬಿಸಿಲಿನಿಂದಲೂ ಕಾಗೆಯ ಕಣ್ಣಿನಿಂದಲೂ ಕಾಪಾಡಿದ್ದು ಆ ನಾಲ್ಕು ಎಲೆಗಳೇ. ಬಣ್ಣದ ಕೊಕ್ಕರೆ ಬಿರುಬಿಸಿಲಿನಲ್ಲಿ ರೆಕ್ಕೆಗಳನ್ನು ಕೊಡೆಯಂತೆ ಹರಡಿ ಮರಿಗಳಿಗೆ ನೆರಳಾಗಿ ನಿಲ್ಲುವುದನ್ನು ನೋಡಿದವರಿಗೆ, ತಾಯಿಹಕ್ಕಿ ಬೆದರಿ ಹಾರಿಹೋದರೆ ಏನಾದೀತೆಂದು ವಿವರಿಸಬೇಕಾಗಿಲ್ಲ. ಮೊಬೈಲಿನಲ್ಲಿ ಹಕ್ಕಿಯ ಧ್ವನಿಮುದ್ರಿಕೆಯನ್ನು ಮತ್ತೆಮತ್ತೆ ನುಡಿಸಿ ಕರೆಯುವ ಉಪಾಯವೂ ಈ ಜಾತಿಯದೇ. ತನ್ನ ಎಲ್ಲೆಯೊಳಗೆ ಎದುರಾಳಿ ಬಂದನೆಂದು ಗಂಡು ಹಾಡುತ್ತ, ಹಾರುತ್ತ ದಣಿಯುತ್ತದೆ. ಮರಿಗೆ ಹುಳು ತರಬೇಕಾದ ಹೊತ್ತು ಇಲ್ಲದ ಶತ್ರುವಿನ ಶೋಧದಲ್ಲಿ ಕಳೆಯುತ್ತದೆ.

ನಮ್ಮ ಕಾನೂನು ಈ ವಿಷಯದಲ್ಲಿ ಅನೇಕರು ತಿಳಿದಿರುವುದಕ್ಕಿಂತ ಕಠಿಣವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬ ಪದಕ್ಕೆ ಕೊಡುವ ವ್ಯಾಖ್ಯೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದಷ್ಟೇ ಅಲ್ಲ, ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದೂ ಸೇರಿದೆ. ಕೋವಿ ಹಿಡಿದವನನ್ನು ಹಳಿಯುವ ಸುಶಿಕ್ಷಿತರು ಇದನ್ನು ಒಮ್ಮೆ ಓದಿಕೊಳ್ಳಬೇಕು. ಕೆಲವು ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಈಗ ಸ್ವೀಕರಿಸುತ್ತಿಲ್ಲ. ಉಳಿದವೂ, ಪತ್ರಿಕೆಗಳ ಚಿತ್ರವಿಭಾಗಗಳೂ ಹಾಗೆ ಮಾಡಿದರೆ ಅರ್ಧ ಸಮಸ್ಯೆ ತೀರೀತು. ಬಹುಮಾನ ಮತ್ತು ಮೆಚ್ಚುಗೆ ಇಲ್ಲದ ಕಡೆಗೆ ಭಾರದ ಲೆನ್ಸ್ ಹೊತ್ತು ನಡೆಯುವವರು ವಿರಳ.

ಹಾಗಾದರೆ ಮನುಷ್ಯನ ಸಾಮೀಪ್ಯವೇ ಹಕ್ಕಿಗೆ ಕೇಡೇ? ಹಾಗಲ್ಲ ಎಂಬುದಕ್ಕೆ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಸಾಕ್ಷಿ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರ ನಡುವಿನ ಹುಣಸೆ ಮರಗಳಲ್ಲಿ, ಮನೆಯ ಹೆಂಚಿನ ಮೇಲೆಯೇ. ಕೆಳಗೆ ದನ ಕಟ್ಟುತ್ತಾರೆ, ಮಕ್ಕಳು ಆಡುತ್ತವೆ, ಮೇಲಿನ ಸಂಸಾರಕ್ಕೆ ಅದರ ಪರಿವೆಯಿಲ್ಲ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿಯೂ ದೋಣಿಗಳು ಗೂಡುಗಳಿಗೆ ಸಾಕಷ್ಟು ಸಮೀಪ ಹಾದುಹೋಗುತ್ತವೆ. ಬೆಳ್ಳೂರಿನ ಗೃಹಿಣಿ, ರಂಗನತಿಟ್ಟಿನ ಅಂಬಿಗ ದಿನವೂ ಒಂದೇ ದಾರಿಯಲ್ಲಿ, ಒಂದೇ ಲಯದಲ್ಲಿ ನಡೆಯುವವರು. ಹಕ್ಕಿಗೆ ಅವರು ಪರಿಚಿತರು. ಪೊದೆಯೊಳಗಿನ ಗೂಡಿನತ್ತ ತೆವಳಿಕೊಂಡು ಬರುವ ಅಪರಿಚಿತನಿಗೂ ಬೇಟೆಗೆ ಹೊಂಚುವ ಪ್ರಾಣಿಗೂ ಹಕ್ಕಿಯ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ. ಬೂರುಗದ ಕೆಳಗೆ ಸುಮ್ಮನೆ ಕುಳಿತವನ ಮಾತು ಬೇರೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಆತನೂ ಮರದ ಒಂದು ಬೇರಾಗಿರುತ್ತಾನೆ.

ಗೂಡಿಲ್ಲದೆ ವಸಂತದ ಸಡಗರವನ್ನು ಸೆರೆಹಿಡಿಯುವುದು ಹೇಗೆ ಎಂದು ಕೇಳುವವರು ಮಾರ್ಚ್, ಏಪ್ರಿಲ್‌ನ ಒಂದು ಬೆಳಗ್ಗೆ ಬಯಲುಸೀಮೆಯ ಹೊಲಗಳ ಕಡೆಗೆ ಹೋಗಿ ತಂತಿಯ ಮೇಲೆ ಕುಳಿತ ನೀಲಕಂಠವನ್ನು ಹುಡುಕಲಿ. ಕರ್ನಾಟಕದ ರಾಜ್ಯಪಕ್ಷಿಯಾದ ಇದು ಕುಳಿತಾಗ ಮಾಸಲು ಕಂದು, ನೋಡುವವರಿಗೆ ಏನೂ ಅನ್ನಿಸದು. ಇದರ ಸಂಖ್ಯೆಯೂ ಕುಗ್ಗುತ್ತಿದೆ; ಶೇ 30 ಅಥವಾ ಅದಕ್ಕಿಂತ ಹೆಚ್ಚು ಇಳಿಕೆ ಕಂಡ, ಅಪಾಯದ ಮಟ್ಟವನ್ನು ಮರುಪರಿಶೀಲಿಸಬೇಕಾದ 14 ಪ್ರಭೇದಗಳ ಸಾಲಿನಲ್ಲಿ 2023ರ ವರದಿ ಇದನ್ನೂ ಸೇರಿಸಿದೆ. ರಸ್ತೆಯಂಚಿನಲ್ಲಿ ಕಾರು ನಿಲ್ಲಿಸಿ, ಇಳಿಯದೆ ಕಾಯಬೇಕು. ಹೆಣ್ಣು ಹತ್ತಿರದಲ್ಲಿದ್ದರೆ ಗಂಡು ಒಮ್ಮೆಲೇ ಕರ್ಕಶವಾಗಿ ಕೂಗುತ್ತ ಮೇಲೇರುತ್ತದೆ, ಎತ್ತರದಿಂದ ತಲೆಕೆಳಗಾಗಿ ಧುಮುಕುತ್ತ ಎಡಕ್ಕೂ ಬಲಕ್ಕೂ ಹೊರಳುತ್ತದೆ. ಎರಡು ನೀಲಿಗಳನ್ನು ಅಗಲವಾಗಿ ಬಿಡಿಸಿಟ್ಟ ಆ ರೆಕ್ಕೆಗಳು ನೆಲ ಮುಟ್ಟುವಂತೆ ತೋರಿ, ಮತ್ತೆ ಮೇಲೇರುತ್ತವೆ.