ಚಪ್ಪಲಿ ನಂಬರನ್ನೂ ಡಾಕ್ಟರಿಗೆ ಹೇಳಿ

ಮದುವೆಯ ಉಂಗುರ ಈಗ ಬೆರಳಿಗೆ ಇಳಿಯುತ್ತಿಲ್ಲವೇ? ಎರಡು-ನಾಲ್ಕರ ಬಳೆ ತೊಡುತ್ತಿದ್ದ ಕೈಗೆ ಎರಡು-ಎಂಟೂ ಬಿಗಿಯಾಗ್ತಿದೆಯೇ? ಚಪ್ಪಲಿ ಅಂಗಡಿಯಲ್ಲಿ ಆರನೇ ನಂಬರ್ ಹೋಗಿ ಎಂಟಕ್ಕೆ ಬಂತೇ? ‘ಮಕ್ಕಳಾದ ಮೇಲೆ ಮೈ ಬರೋದು ಸಹಜ ಬಿಡಿ, ವಯಸ್ಸೂ ಆಯ್ತಲ್ಲ’ ಅಂತ ಉಂಗುರವನ್ನು ಅಕ್ಕಸಾಲಿಗನಿಗೆ ಕೊಟ್ಟು ದೊಡ್ಡದು ಮಾಡಿಸಿಕೊಂಡು ಬಂದರೆ ನಮ್ಮ ಪಾಲಿಗೆ ವಿಷಯ ಮುಗಿಯಿತು.

ಬಹಳಷ್ಟು ಜನರ ಮಟ್ಟಿಗೆ ಅದು ನಿಜವೇ. ತೂಕ ಹೆಚ್ಚಿದರೂ, ಥೈರಾಯ್ಡ್ ತೊಂದರೆ ಇದ್ದರೂ ಉಂಗುರ ಬಿಗಿಯಾಗುತ್ತದೆ. ಆದರೆ ತೂಕ ಅಷ್ಟೇನೂ ಏರದೆ ಕೈಕಾಲು, ಮೂಗು, ತುಟಿ, ದವಡೆ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದ್ದರೆ? ಹಲ್ಲುಗಳ ನಡುವೆ ಸಂದಿ ಬಿಟ್ಟು, ದನಿ ಗಡುಸಾಗಿ, ಗೊರಕೆ ಜೋರಾಗಿದ್ದರೆ? ಜೊತೆಗೆ ವಿಪರೀತ ಬೆವರು, ತಲೆನೋವು, ಕೈ ಜೋಮು, ಮುಟ್ಟಿನ ಏರುಪೇರು ಇದ್ದರೆ? ಆಗ ಅದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ.

ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಬೆಳವಣಿಗೆ ಹಾರ್ಮೋನು ಬರುವುದು ಅಲ್ಲಿಂದ. ಅಲ್ಲೊಂದು ಪುಟ್ಟ ಗೆಡ್ಡೆ ಹುಟ್ಟಿಕೊಂಡರೆ ಹಾರ್ಮೋನು ಮಿತಿಮೀರಿ ಸುರಿಯುತ್ತದೆ. ಮಕ್ಕಳಲ್ಲಾದರೆ ಎತ್ತರ ವಿಪರೀತ ಬೆಳೆಯುತ್ತದೆ. ನಮ್ಮ ವಯಸ್ಸಿನಲ್ಲಿ ಎತ್ತರ ಹೆಚ್ಚುವ ಹಾಗಿಲ್ಲ, ಹಾಗಾಗಿ ದಪ್ಪವಾಗುತ್ತಾ ಹೋಗುತ್ತೇವೆ. ಇದಕ್ಕೆ ಅಕ್ರೊಮೆಗಲಿ ಎಂದು 1886ರಲ್ಲಿ ಹೆಸರಿಟ್ಟವನು ಫ್ರಾನ್ಸಿನ ವೈದ್ಯ ಪಿಯೆರ್ ಮರಿ. ಗೆಡ್ಡೆ ಅಂದ ಕೂಡಲೇ ಎದೆ ಒಡೆದುಕೊಳ್ಳಬೇಡಿ. ಇದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಕಾಯಿಲೆಯೂ ಅಪರೂಪದ್ದು.

ಆದರೆ ಕನ್ನಡಿಯಲ್ಲಿ ಕಾಣುವ ಮೂಗು, ದವಡೆಗಿಂತ ಕಾಣದ ಹೃದಯದ ಚಿಂತೆ ದೊಡ್ಡದು. ಹೃದಯವೂ ಮಾಂಸಖಂಡವೇ ತಾನೆ? ಹಾರ್ಮೋನು ಹೆಚ್ಚಾದರೆ ಅದರ ಗೋಡೆಯೂ ದಪ್ಪವಾಗುತ್ತದೆ. ಹೃದಯ ದೊಡ್ಡದಾದರೆ ಒಳ್ಳೆಯದಲ್ವೇ ಅಂತ ನಗಬೇಡಿ! ದಪ್ಪ ಗೋಡೆ ಪೆಡಸಾಗುತ್ತದೆ, ಸಲೀಸಾಗಿ ಸಡಿಲಗೊಂಡು ರಕ್ತ ತುಂಬಿಕೊಳ್ಳಲಾರದು. ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಆಮೇಲೆ ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಬಡಿತದಲ್ಲಿ ಏರುಪೇರು, ಕವಾಟಗಳಲ್ಲಿ ಸೋರಿಕೆ. ಸುಮ್ಮನೆ ಬಿಟ್ಟರೆ ಹೃದಯ ಸೋತೇ ಹೋಗಬಹುದು. ಇದರ ಜೊತೆಗೆ ಸುಮಾರು ಮೂವರಲ್ಲಿ ಒಬ್ಬರಿಗೆ ಬಿಪಿ, ಹಲವರಿಗೆ ಸಕ್ಕರೆ ಕಾಯಿಲೆ. ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವುದೂ ಹೃದಯಕ್ಕೇ ಭಾರ.

ಹೀಗಿದ್ದೂ ಇದು ಪತ್ತೆಯಾಗುವಷ್ಟರಲ್ಲಿ ಎಷ್ಟೋ ಸಲ 5ರಿಂದ 10 ವರ್ಷ ಕಳೆದಿರುತ್ತದೆ. ಯಾಕೆ? ದಿನಾ ನೋಡುವ ಗಂಡ, ಮಕ್ಕಳ ಕಣ್ಣಿಗೆ ಬದಲಾವಣೆ ಬೀಳುವುದಿಲ್ಲ. ನಾವೂ ಬಿಪಿಗೆ ಒಬ್ಬ ಡಾಕ್ಟರು, ಮಂಡಿನೋವಿಗೆ ಇನ್ನೊಬ್ಬರು, ಮುಟ್ಟಿನ ತೊಂದರೆಗೆ ಮತ್ತೊಬ್ಬರು ಅಂತ ಅಲೆಯುತ್ತೇವೆ. ಎಲ್ಲವನ್ನೂ ಕೂಡಿಸಿ ಒಬ್ಬರ ಮುಂದೆ ಹೇಳುವುದೇ ಇಲ್ಲ. ಬಿಪಿ ಮಾತ್ರೆ ಬರೆಸಿಕೊಳ್ಳುವಾಗ ಚಪ್ಪಲಿ ನಂಬರಿನ ಮಾತು ಎತ್ತಿದರೆ ಡಾಕ್ಟರು ನಕ್ಕಾರು ಅನ್ನೋ ಸಂಕೋಚ. ಮುಖ ಒರಟಾಯಿತು ಅಂತ ಫೋಟೊಗೆ ನಿಲ್ಲದೆ ಹಿಂದೆ ಸರಿಯುತ್ತೇವೆಯೇ ಹೊರತು, ಯಾಕೆ ಹೀಗಾಯ್ತು ಅಂತ ಕೇಳುವುದಿಲ್ಲ. ನನ್ನ ಪ್ರಕಾರ ಇಲ್ಲಿ ಹೃದಯಕ್ಕೆ ಹಾರ್ಮೋನಿನಷ್ಟೇ ದೊಡ್ಡ ಶತ್ರು ನಮ್ಮ ಈ ‘ಇರಲಿ ಬಿಡು’ ಬುದ್ಧಿ.

ಹಾಗಾದರೆ ಏನು ಮಾಡಬೇಕು? ಹತ್ತು ವರ್ಷದ ಹಿಂದಿನ ಆಲ್ಬಂ ತೆಗೆದು ಇವತ್ತಿನ ಮುಖದ ಜೊತೆ ಹೋಲಿಸಿ ನೋಡಿ. ಅನುಮಾನ ಬಂದರೆ ಆ ಫೋಟೊವನ್ನೇ ಡಾಕ್ಟರಿಗೆ ತೋರಿಸಿ. ಐಜಿಎಫ್-1 ಎಂಬ ರಕ್ತಪರೀಕ್ಷೆಯಿಂದ ಹಾರ್ಮೋನಿನ ಸುಳಿವು ಸಿಗುತ್ತದೆ. ಅದು ಹೆಚ್ಚಿದ್ದರೆ ಗೆಡ್ಡೆ ನೋಡಲು ಎಂಆರ್‌ಐ, ಹೃದಯ ನೋಡಲು ಎಕೊ. ಗೆಡ್ಡೆಯನ್ನು ಸಾಮಾನ್ಯವಾಗಿ ತಲೆಬುರುಡೆ ತೆರೆಯದೆ ಮೂಗಿನ ಮೂಲಕವೇ ತೆಗೆಯುತ್ತಾರೆ. ಪೂರ್ತಿ ಹೋಗದಿದ್ದರೆ ಇಂಜೆಕ್ಷನ್, ಮಾತ್ರೆ, ವಿಕಿರಣ ಚಿಕಿತ್ಸೆ ಇವೆ. ಹಾರ್ಮೋನು ಹತೋಟಿಗೆ ಬಂದರೆ ಹೃದಯದ ದಪ್ಪವೂ ಎಷ್ಟೋ ಮಟ್ಟಿಗೆ ಇಳಿಯುತ್ತದೆ. ಆದರೆ ಕೆಟ್ಟ ಕವಾಟ ತಾನಾಗಿ ಸರಿಹೋಗುವುದು ಕಷ್ಟ. ಅದಕ್ಕೇ ಹೇಳುವುದು, ತಡ ಮಾಡಬಾರದು.

ಮಗಳ ಶೂ ಬಿಗಿಯಾದರೆ ಅಂದೇ ಗಮನಿಸುವವರು ನಾವು. ನಮ್ಮ ಕಾಲಿನ ಕಡೆಗೂ ಒಮ್ಮೆ ನೋಡಿಕೊಳ್ಳೋಣ, ಏನಂತೀರಿ?