ಜೊಲ್ಲಿನ ಗ್ರಂಥಿಗೆ ಕಿಡ್ನಿಯ ಕೆಲಸ

ದುಖಾನ್ ಖತಾರಿನ ಪಶ್ಚಿಮ ದಂಡೆಯ ತೈಲದ ಊರು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ನಿಯಮ ಅಲ್ಲಿದೆ. ಅಂಥ ಬಿಸಿಲಲ್ಲಿ ಮೈಯ ನೀರು ಬತ್ತಿದರೆ ಪೆಟ್ಟು ತಿನ್ನುವ ಅಂಗಗಳಲ್ಲಿ ಕಿಡ್ನಿಯೂ ಒಂದು. ಕಿಡ್ನಿ ಪೂರ್ತಿ ಸೋತರೆ ರಕ್ತ ಸೋಸಲು ಡಯಾಲಿಸಿಸ್ ಇದೆ. ಆದರೆ ಕೆಂಪು ರಕ್ತಕಣ ತಯಾರಿಸುವಂತೆ ಮೂಳೆಮಜ್ಜೆಯನ್ನು ಪ್ರಚೋದಿಸಲು ಕಿಡ್ನಿ ಸ್ರವಿಸುತ್ತಿದ್ದ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಯಂತ್ರ ತಯಾರಿಸದು. ಅದನ್ನು ಇಂಜೆಕ್ಷನ್ ಮೂಲಕವೇ ಕೊಡಬೇಕು, ಮತ್ತೆ ಮತ್ತೆ.

ಈ ಹಾರ್ಮೋನಿನ ಜೀನನ್ನು ಕೆನ್ನೆಯ ಜೊಲ್ಲುಗ್ರಂಥಿಗೆ ಸೇರಿಸಿಬಿಟ್ಟರೆ? ಮಂಗನಬಾವು ಬಂದಾಗ ಊದುವ ಗ್ರಂಥಿಯೇ ಇದು. ಇದರ ನಾಳ ಬಾಯೊಳಗೆ ಮೇಲಿನ ದವಡೆ ಹಲ್ಲಿನ ಎದುರು ತೆರೆದುಕೊಳ್ಳುತ್ತದೆ. ನಿರುಪದ್ರವಿ ವೈರಸ್ಸಿನಲ್ಲಿ ಜೀನ್ ತುಂಬಿ ಅಲ್ಲಿಂದಲೇ ಒಳಗೆ ಬಿಡಬಹುದು, ಕತ್ತರಿ ಬೇಕಿಲ್ಲ. ಏನಾದರೂ ಕೆಟ್ಟರೆ ಗ್ರಂಥಿಯನ್ನೇ ತೆಗೆದುಹಾಕಿದರೂ ಜೀವಕ್ಕೆ ಅಪಾಯವಿಲ್ಲ. ಅಮೆರಿಕದಲ್ಲಿ ಬ್ರೂಸ್ ಬಾಮ್ ಅವರ ತಂಡ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜೊಲ್ಲುಗ್ರಂಥಿಗೆ ಈ ಜೀನ್ ಪಡೆದ ಇಲಿಗಳ ರಕ್ತಕಣ ಸುಮಾರು ಒಂದು ವರ್ಷ ಏರಿದ ಮಟ್ಟದಲ್ಲೇ ಉಳಿಯಿತು.

ಕಷ್ಟವಿರುವುದು ಬಾಗಿಲಿನಲ್ಲಿ. ಗ್ರಂಥಿಯ ಜೀವಕೋಶಕ್ಕೆ ಮುಂಬಾಗಿಲೂ ಇದೆ, ಹಿತ್ತಲ ಬಾಗಿಲೂ ಇದೆ. ಮುಂದಿನದು ಬಾಯಿಗೆ, ಹಿಂದಿನದು ರಕ್ತಕ್ಕೆ. ಎರಿಥ್ರೊಪೊಯೆಟಿನ್ ಇಲಿಯಲ್ಲಿ ಹೆಚ್ಚಾಗಿ ಹಿತ್ತಲಿಂದ ಹೊರಟಿತು. ಇದೇ ದಾರಿಯಲ್ಲಿ ಪರೀಕ್ಷಿಸಿದ ಬೆಳವಣಿಗೆಯ ಹಾರ್ಮೋನು ಹಾಗಲ್ಲ, ಬಹುಪಾಲು ಜೊಲ್ಲಿಗೇ ಹೋಯಿತು. ಅಂದರೆ ಔಷಧ ತಯಾರಾದರೂ ವ್ಯರ್ಥ. ಮಂಗಗಳಲ್ಲಿ ಈ ಹಂಚಿಕೆ ಇಲಿಗಳಂತೆಯೇ ನಡೆಯಲಿಲ್ಲ. ಇಲಿಯ ಫಲಿತಾಂಶವನ್ನು ಮನುಷ್ಯನಿಗೆ ಹಾಗೆಯೇ ಹೊರಿಸುವ ಸುದ್ದಿಗಳನ್ನು ಓದುವಾಗ ಇದು ನೆನಪಿರಲಿ.

ಇನ್ನೊಂದು ಭಯ ಪ್ರಮಾಣದ್ದು. ಎರಿಥ್ರೊಪೊಯೆಟಿನ್ ಹೆಚ್ಚಾದರೆ ರಕ್ತ ಮಂದವಾಗಿ ಹೆಪ್ಪುಗಟ್ಟಬಹುದು. ಇಂಜೆಕ್ಷನ್ನಾದರೆ ನಿಲ್ಲಿಸಬಹುದು, ಜೀನನ್ನು ನಿಲ್ಲಿಸುವುದು ಹೇಗೆ? ರಾಪಾಮೈಸಿನ್ ಔಷಧ ಕೊಟ್ಟಾಗ ಮಾತ್ರ ಚುರುಕಾಗುವ ಜೀನನ್ನು ಇಲಿಯ ಜೊಲ್ಲುಗ್ರಂಥಿಯಲ್ಲೇ ಪರೀಕ್ಷಿಸಿದ್ದಾರೆ. ಅದಕ್ಕಿಂತ ಎದೆ ನಡುಗಿಸಿದ್ದು 2004ರ ಮತ್ತೊಂದು ವರದಿ. ಬೇರೆ ಅಂಗಾಂಶಗಳಿಗೆ ಇದೇ ಹಾರ್ಮೋನಿನ ಜೀನ್ ಸೇರಿಸಿದ್ದ ಕೆಲವು ಮಂಗಗಳ ದೇಹ ಆ ಹಾರ್ಮೋನನ್ನೇ ಶತ್ರುವೆಂದು ಬಗೆದು, ತನ್ನ ಸ್ವಂತದ್ದನ್ನೂ ನಾಶಮಾಡಿತು. ರಕ್ತ ಹೆಚ್ಚಲೆಂದು ಕೊಟ್ಟ ಚಿಕಿತ್ಸೆಯಿಂದಲೇ ತೀವ್ರ ರಕ್ತಹೀನತೆ!

ದೋಹಾದ ಸಿದ್ರಾ ಮೆಡಿಸಿನ್ ಆಸ್ಪತ್ರೆಯಲ್ಲಿ ಬೆನ್ನುಹುರಿಯ ನರಕೋಶ ಸಾಯುವ ಕಾಯಿಲೆಯ ಮಕ್ಕಳಿಗೆ ಜೀನ್ ಚಿಕಿತ್ಸೆ ಸಿಗುತ್ತಿದೆ. ಮಾರಕ ರೋಗದಲ್ಲಿ ಆ ಅಪಾಯಕ್ಕೆ ಅರ್ಥವಿದೆ. ಚುಚ್ಚುಮದ್ದಿನಿಂದ ನಿಭಾಯಿಸಬಹುದಾದ ರಕ್ತಹೀನತೆಗೆ ಅಷ್ಟೇ ಧೈರ್ಯ ಮಾಡಬೇಕೆ ಎಂದರೆ, ಸದ್ಯಕ್ಕೆ ಬೇಡ ಎಂದೇ ನನ್ನ ಉತ್ತರ.