ಜೀಪಿನ ಸೀಟೂ ಡ್ರೈವರನ ಸೊಂಟವೂ

ನಮ್ಮ ಸಂಘದ ಈ ಪತ್ರಿಕೆಯಲ್ಲಿ ಬಿಳಿ ಕಾಂಡಕೊರಕದ ಬಗ್ಗೆ, ಅಡಿಕೆಯ ಕೊಳೆರೋಗದ ಬಗ್ಗೆ, ಬೋರ್ಡೋ ದ್ರಾವಣಕ್ಕೆ ಸುಣ್ಣವೆಷ್ಟು ಮೈಲುತುತ್ತವೆಷ್ಟು ಎಂಬುದರ ಬಗ್ಗೆ ವರ್ಷವರ್ಷವೂ ಓದುತ್ತಿದ್ದೇವೆ. ಜೀಪಿನ ಟಯರು, ಡೀಸೆಲ್ಲಿನ ದರ, ಇನ್‌ಶೂರೆನ್ಸ್ ಕಂತು ಇವುಗಳ ವಿಷಯವೂ ಆಗಾಗ ಬರುತ್ತದೆ. ಆದರೆ ಜೀಪಿನ ಡ್ರೈವರ್ ಕೂರುವ ಸೀಟಿನ ಬಗ್ಗೆ ಒಂದು ಸಾಲು ಬಂದದ್ದು ನನ್ನ ನೆನಪಿನಲ್ಲಿಲ್ಲ. ಇದೇನು ಬರೆಯುವ ವಿಷಯವೇ ಎಂದು ಕೆಲವರು ನಗಬಹುದು. ಕಳೆದ ವರ್ಷದವರೆಗೆ ನಾನೂ ನಗುವವರ ಪೈಕಿಯೇ ಆಗಿದ್ದೆ.

ನಮ್ಮ ಮನೆಯ ಜೀಪನ್ನು ಹನ್ನೊಂದು ವರ್ಷದಿಂದ ಒಬ್ಬನೇ ಹುಡುಗ ಓಡಿಸುತ್ತಿದ್ದಾನೆ. ಹುಡುಗ ಎಂದೆ, ಈಗ ಮೂವತ್ತೊಂದಾಯಿತು. ಕಳೆದ ಕೊಯ್ಲಿನ ಕಾಲದಲ್ಲಿ ವಾರಕ್ಕೊಮ್ಮೆ ಬಂದು, “ಗೌಡ್ರೇ, ಸೊಂಟ ಹಿಡ್ಕಂಡದೆ, ನಾಳೆ ಒಂದಿನ ಬಿಡ್ತೀನಿ” ಎನ್ನುವುದು ಶುರುವಾಯಿತು. ಗಾಡಿಯಲ್ಲಿ ಕೂತು ಹೋಗುವವನಿಗೆ ಎಂಥ ಸೊಂಟನೋವು, ಕಣದಲ್ಲಿ ಚೀಲ ಹೊರುವವರು ಏನನ್ನಬೇಕು ಎಂದು ನನ್ನ ಎಣಿಕೆ. ಕೊಯ್ಲಿನ ಹೊತ್ತಿಗೇ ಇವನಿಗೆ ಸೋಮಾರಿತನ ಬಂತು ಎಂದು ಮನೆಯಲ್ಲಿ ಆಡಿಕೊಂಡದ್ದೂ ಉಂಟು. ಅದು ಅವನ ಕಿವಿಗೆ ಬಿದ್ದಿತ್ತೆಂದು ಆಮೇಲೆ ತಿಳಿಯಿತು.

ಅಷ್ಟರಲ್ಲಿ ಬಂಗಾರಪೇಟೆಯಲ್ಲಿ ತಂಗಿಯ ಮಗಳ ಮದುವೆ ಬಂತು. ತಂಗಿಯ ಮನೆ ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿ, ಭಾವ ಅಲ್ಲಿನ ಬಿ.ಇ.ಎಂ.ಎಲ್. ಕಾರ್ಖಾನೆಯಿಂದ ನಿವೃತ್ತರಾದವರು. ಸೋದರಮಾವ ಬರಿಗೈಯಲ್ಲಿ ಹೋಗುವುದುಂಟೇ? ಸಿಂಗಾರ, ಬಾಳೆಗೊನೆ, ವೀಳ್ಯದೆಲೆ, ಅಡಿಕೆ, ಕಾಫಿಪುಡಿ, ಮೆಣಸು ಎಂದು ಜೀಪಿನ ಹಿಂಭಾಗ ತುಂಬಿತು. ಹೊರಡುವ ಹಿಂದಿನ ಸಂಜೆ ಡ್ರೈವರ್ ಬಂದು ಕೈಮುಗಿದ: ಅಷ್ಟು ದೂರ ಕೂರಲು ಆಗುವುದಿಲ್ಲ. ನಾನು ಸಿಟ್ಟಿನಲ್ಲಿ ಕೀ ಇಸಿದುಕೊಂಡು ನಾನೇ ಹೊಡೆಯುತ್ತೇನೆ ಎಂದೆ. ಪ್ರಾಯದಲ್ಲಿ ಇದೇ ಜೀಪಿನಲ್ಲಿ ಘಾಟಿ ಇಳಿದವನು ನಾನು ಎಂಬ ಜಂಬ ಬೇರೆ.

ಕೊಪ್ಪದಿಂದ ಬಂಗಾರಪೇಟೆಗೆ ಸುಮಾರು 400 ಕಿ.ಮೀ. ಕಡೂರು ದಾಟುವ ಹೊತ್ತಿಗೆ ಕ್ಲಚ್ಚು ಒತ್ತುವ ಎಡಗಾಲಿನ ತೊಡೆಸಂದಿ ಬಿಗಿಯಿತು. ತಿಪಟೂರಿನಲ್ಲಿ ಇಳಿದು ಕಾಫಿ ಕುಡಿದು ಮತ್ತೆ ಹತ್ತುವಾಗ ಸೊಂಟ ನೆಟ್ಟಗಾಗಲಿಲ್ಲ. ತುಮಕೂರು ದಾಟಿದ ಮೇಲೆ ಪೃಷ್ಠದ ಒಂದು ಕಡೆ ಜೋಮು, ಇನ್ನೊಂದು ಕಡೆ ಉರಿ. ಹಿಂದಿನ ಜೇಬಿನಲ್ಲಿದ್ದ ಪರ್ಸು ತೆಗೆದು ಮುಂದಿಟ್ಟೆ. ಸ್ವಲ್ಪ ವಾಸಿ ಅನಿಸಿತು. ಬೆಂಗಳೂರಿನ ವಾಹನಗಳ ಸಂದಣಿಯಲ್ಲಿ ಕ್ಲಚ್ಚು ಎಷ್ಟು ಸಲ ತುಳಿದೆನೋ ಲೆಕ್ಕವಿಲ್ಲ. ಹೊಸಕೋಟೆ, ಕೋಲಾರ ಕಳೆದು ಬಂಗಾರಪೇಟೆಯ ಛತ್ರದ ಮುಂದೆ ನಿಲ್ಲಿಸಿದಾಗ ಸ್ಟಿಯರಿಂಗ್ ಹಿಡಿದುಕೊಂಡೇ ಇಳಿಯಬೇಕಾಯಿತು. ಮಾರನೆಯ ದಿನ ಧಾರೆಯ ಹೊತ್ತಿಗೆ ಸೋದರಮಾವನನ್ನು ಮಣೆಯ ಮೇಲೆ ಕೂರಿಸಿದರು. ಚಕ್ಕಂಬಕ್ಕಳ ಹಾಕಲು ಬಾರದೆ ಕುರ್ಚಿ ತರಿಸಿಕೊಂಡೆ. ಬೀಗರ ಎದುರು ಆದ ಆ ಮುಜುಗರ ನನಗೇ ಗೊತ್ತು. ಅಂದಹಾಗೆ, ಬೆಂಗಳೂರಿನಿಂದ ಬಂಗಾರಪೇಟೆ ಜಂಕ್ಷನ್ನಿಗೆ ಬೇಕಾದಷ್ಟು ರೈಲುಗಳಿವೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಸಾವಿರಾರು ಜನ ಮಾರಿಕುಪ್ಪಂ ಗಾಡಿಯಲ್ಲಿ ದಿನವೂ ಬೆಂಗಳೂರಿಗೆ ಹೋಗಿ ದುಡಿದು ಬರುತ್ತಾರೆ. ಬಾಳೆಗೊನೆ ಇಲ್ಲದಿದ್ದರೆ ನಾನೂ ರೈಲು ಹತ್ತುತ್ತಿದ್ದೆ, ಈ ಲೇಖನವೂ ನಿಮಗೆ ತಪ್ಪುತ್ತಿತ್ತು.

ಮದುವೆ ಮುಗಿದು ಕೆ.ಜಿ.ಎಫ್.ಗೆ ಹೋದಾಗ ಭಾವ ಜೀಪಿನ ಸುತ್ತ ಒಂದು ಸುತ್ತು ಬಂದು ಸೀಟಿನ ಮೇಲೆ ಕೈಯೂರಿ ಒತ್ತಿ ನೋಡಿದರು. “ಭಾವಾ, ಇದು ಸೀಟಲ್ಲ, ರೆಕ್ಸಿನ್ ಹೊದಿಸಿದ ಹಲಗೆ. ಟಯರು ಹೊಸಾದು ಹಾಕ್ಸಿದೀರಿ, ಬ್ಯಾಟರಿ ಹೊಸಾದು. ಇದನ್ನ ಎಷ್ಟು ವರ್ಷದಿಂದ ಮುಟ್ಟಿಲ್ಲ?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಭಾರೀ ಯಂತ್ರಗಳ ನಡುವೆ ಬಾಳಿದ ಮನುಷ್ಯ. 1964ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಕೆ.ಜಿ.ಎಫ್. ಕಾರ್ಖಾನೆಯಲ್ಲಿ ಬುಲ್‌ಡೋಜರು ಮೊದಲಾದ ಮಣ್ಣು ಸರಿಸುವ ಯಂತ್ರಗಳು ತಯಾರಾಗುತ್ತವೆ. ಈ ಕಾಲದ ದೊಡ್ಡ ಗಣಿ ಯಂತ್ರಗಳಲ್ಲಿ ಚಾಲಕನ ಸೀಟಿಗೇ ಪ್ರತ್ಯೇಕವಾಗಿ ಸ್ಪ್ರಿಂಗು ಅಥವಾ ಗಾಳಿಚೀಲ ಇರುತ್ತದಂತೆ. ಕೂರುವವನ ತೂಕಕ್ಕೆ ತಕ್ಕಂತೆ ತಿರುಪಿ ಹೊಂದಿಸಿಕೊಳ್ಳಬಹುದಂತೆ. ಯಂತ್ರ ಎಷ್ಟು ಕುಲುಕಿದರೂ ಮನುಷ್ಯನಿಗೆ ತಲಪುವುದು ಅದರಲ್ಲೊಂದು ಪಾಲು ಮಾತ್ರ. ನಮ್ಮ ಜೀಪಿನಲ್ಲಿ ಕುಲುಕಿದ್ದೆಲ್ಲ ನೇರವಾಗಿ ಬೆನ್ನಿಗೆ.

ಭಾವನ ಮನೆಯ ಮಾಳಿಗೆಯಿಂದ ಸೈನೈಡ್ ದಿಬ್ಬಗಳು ಕಾಣುತ್ತವೆ. ಆ ಊರಿನಲ್ಲಿ ಕೆಲಸದಿಂದ ಬರುವ ಕಾಯಿಲೆ ಹೊಸ ಮಾತಲ್ಲ. ಕಲ್ಲಿನ ಧೂಳು ಕುಡಿದ ಗಣಿ ಕಾರ್ಮಿಕರ ಎದೆಗೂಡಿನ ಎಕ್ಸ್‌ರೇ ಸಮೀಕ್ಷೆ 1940ರ ದಶಕದಲ್ಲೇ ಅಲ್ಲಿ ನಡೆಯಿತು. ಸಿಲಿಕೋಸಿಸ್ ಎಂಬುದು ಕೂಲಿಯವನ ಹಣೆಬರಹವಲ್ಲ, ಕೆಲಸ ತಂದ ರೋಗ ಎಂದು ದಾಖಲಾಯಿತು. ನೋಡಿ ಅಳೆದದ್ದರಿಂದ ಅದಕ್ಕೊಂದು ಹೆಸರು ಬಂತು. ನಮ್ಮ ಮಲೆನಾಡಿನ ಡ್ರೈವರುಗಳ ಬೆನ್ನನ್ನು ಯಾರೂ ಅಳೆಯಲಿಲ್ಲ. ಆದ್ದರಿಂದ ಅದಕ್ಕೆ ನಾವು ಇಟ್ಟ ಹೆಸರು ಸೋಮಾರಿತನ.

ಊರಿಗೆ ಹಿಂತಿರುಗಿದ ಮೇಲೆ ಡ್ರೈವರನನ್ನು ಕೂರಿಸಿಕೊಂಡು ನಿಧಾನವಾಗಿ ವಿಚಾರಿಸಿದೆ. ಬಹಳ ಹೊತ್ತು ತಲೆ ತಗ್ಗಿಸಿ ಕೂತಿದ್ದು ಕೊನೆಗೆ ಬಾಯಿಬಿಟ್ಟ. ಸೊಂಟನೋವು ನಿಜ, ಆದರೆ ಅದಕ್ಕಿಂತ ದೊಡ್ಡದು ಬೆನ್ನುಮೂಳೆಯ ತುದಿಯಲ್ಲಿ, ಎರಡು ಪೃಷ್ಠಗಳ ನಡುವೆ ಎದ್ದ ಕುರು. ಒಡೆದು ಕೀವು ಸೋರುತ್ತದೆ, ವಾಸಿಯಾಯಿತು ಎನ್ನುವಾಗ ಮತ್ತೆ ಊದುತ್ತದೆ. ಹೇಳಿಕೊಳ್ಳಲು ನಾಚಿಕೆಯಾಗಿ ಸೊಂಟ ಎಂದು ಹೇಳುತ್ತಿದ್ದ. ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ. ಸರ್ಜನರ ಬಳಿಗೆ ಕರೆದುಕೊಂಡು ಹೋದೆ. ಅವರು ನೋಡಿದ ಕೂಡಲೇ ಪೈಲೊನೈಡಲ್ ಸೈನಸ್ ಎಂದರು. ಜೀಪಿನ ಸಂಗತಿ ಹೇಳಿದಾಗ ನಕ್ಕು, ಇದಕ್ಕೆ ಹಿಂದೆ ಜೀಪಿನ ಹೆಸರೇ ಇತ್ತು ಎಂದರು.

ಅದು ಹೀಗೆ. ಜೀಪು ಎಂಬುದು ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ಗಾಡಿ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 80 ಅಂಗುಲ ಮಾತ್ರ ಅಂತರ. ಗಟ್ಟಿ ಉಕ್ಕಿನ ಪಟ್ಟಿಗಳ ಸ್ಪ್ರಿಂಗು. ಗಾಡಿ ಗಿಡ್ಡವಾದಷ್ಟೂ ಗುಂಡಿಯಲ್ಲಿ ಹಿಂದುಮುಂದು ತೂಗುವುದು ಹೆಚ್ಚು. ಕಡಿದಾದ ದಾರಿ ಹತ್ತಬೇಕು, ಕೆಸರು ದಾಟಬೇಕು ಎಂದು ಮಾಡಿದ್ದೇ ಹೊರತು ಸುಖವಾಗಿ ಕೂರಲಿ ಎಂದಲ್ಲ. ಆ ಯುದ್ಧದ ವರ್ಷಗಳಲ್ಲಿ ಸುಮಾರು 80,000 ಅಮೆರಿಕನ್ ಸೈನಿಕರು ಇದೇ ಕುರುವಿನಿಂದ ಆಸ್ಪತ್ರೆ ಸೇರಿದರು. ಮೇಯೊ ಕ್ಲಿನಿಕ್ಕಿನ ಡಾ. ಲೂಯಿ ಬೂಯಿ ಎಂಬವರು 1944ರಲ್ಲಿ ಇದಕ್ಕೆ ‘ಜೀಪ್ ಕಾಯಿಲೆ’ ಎಂದೇ ಹೆಸರಿಟ್ಟು ಲೇಖನ ಬರೆದರು. ಜೀಪೊಂದೇ ಇದಕ್ಕೆ ಕಾರಣವಲ್ಲ ಎಂಬುದನ್ನೂ ಹೇಳಬೇಕು. ಉದುರಿದ ಕೂದಲು ಆ ಸಂದಿನ ಚರ್ಮದೊಳಕ್ಕೆ ತೂರಿ ಸೇರಿಕೊಳ್ಳುವುದೇ ಮೂಲವೆಂದು ಈಗಿನ ವೈದ್ಯರ ಅಭಿಪ್ರಾಯ. ಮೈಯಲ್ಲಿ ಕೂದಲು ಹೆಚ್ಚಿರುವ ಪ್ರಾಯದ ಗಂಡಸರಿಗೆ ಜಾಸ್ತಿ. ಗಂಟೆಗಟ್ಟಲೆ ಕೂತು, ಬೆವರಿ, ಗಟ್ಟಿ ಸೀಟಿನ ಮೇಲೆ ಉಜ್ಜಿಸಿಕೊಳ್ಳುವುದು ಅದಕ್ಕೆ ದಾರಿ ಮಾಡಿಕೊಡುತ್ತದೆ. ಶಸ್ತ್ರಚಿಕಿತ್ಸೆಯಾದರೂ ಮರುಕಳಿಸುವ ಹಟಮಾರಿ ವ್ಯಾಧಿ ಇದು. ಆ ಜಾಗವನ್ನು ಶುಚಿಯಾಗಿ, ಒಣಗಿಸಿ ಇಟ್ಟುಕೊಳ್ಳುವುದು, ಕೂದಲು ತೆಗೆಸುವುದು, ನಾಚಿಕೆ ಬಿಟ್ಟು ಬೇಗ ತೋರಿಸುವುದು, ಇಷ್ಟನ್ನು ನಮ್ಮ ಕೆಲಸದವರಿಗೆ ನಾವೇ ಹೇಳಬಹುದು.

ಇನ್ನು ಬೆನ್ನಿನ ವಿಚಾರ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂಥ ಡಿಸ್ಕುಗಳಿವೆ. ಸ್ವೀಡನ್ನಿನ ಡಾ. ನಾಕೆಮ್‌ಸನ್ 1960ರ ದಶಕದಿಂದ ಜೀವಂತ ಮನುಷ್ಯರ ಡಿಸ್ಕಿನೊಳಗಿನ ಒತ್ತಡವನ್ನೇ ಸೂಜಿ ಹಾಕಿ ಅಳೆದರು. ನಿಂತಾಗಿನ ಒತ್ತಡ 100 ಎಂದಿಟ್ಟುಕೊಂಡರೆ ಒರಗದೆ ಕೂತಾಗ 140, ಮುಂದೆ ಬಾಗಿ ಕೂತಾಗ 185. ನೆಟ್ಟಗೆ ಕೂತಾಗಿನ ಲೆಕ್ಕವನ್ನು ಆಮೇಲಿನವರು ಅಷ್ಟು ಇಲ್ಲವೆಂದರು; ಬಾಗಿ ಕೂತರೆ ಹೆಚ್ಚು ಎಂಬುದರಲ್ಲಿ ತಕರಾರಿಲ್ಲ. ಒರಗು ಸವೆದು ಹಿಂದಕ್ಕೆ ಜೋತುಬಿದ್ದ ನಮ್ಮ ಜೀಪಿನಲ್ಲಿ ಡ್ರೈವರ್ ಕೂರುವುದು ಸ್ಟಿಯರಿಂಗಿನ ಕಡೆಗೆ ಬಾಗಿಯೇ. ಅದರ ಮೇಲೆ ಕುಲುಕಾಟ ಬೇರೆ. ಸೆಕೆಂಡಿಗೆ 4ರಿಂದ 8 ಸಲ ಮೇಲೆಕೆಳಗೆ ಕುಲುಕಿದರೆ ಕೂತ ಮನುಷ್ಯನ ಬೆನ್ನು ಅದಕ್ಕೆ ತಾಳ ಹಾಕಿದಂತೆ ಅದುರುತ್ತದೆ. ಕಚ್ಚಾ ರಸ್ತೆಯ ಗಾಡಿಗಳಲ್ಲಿ ಈ ಕುಲುಕು ಧಾರಾಳ. ಐರೋಪ್ಯ ಒಕ್ಕೂಟದಲ್ಲಿ 2002ರಿಂದ ಇದಕ್ಕೆ ಕಾನೂನಿನ ಮಿತಿಯೇ ಇದೆ. ಇಷ್ಟಕ್ಕಿಂತ ಹೆಚ್ಚು ಕುಲುಕುವ ಯಂತ್ರದ ಮೇಲೆ ದಿನವಿಡೀ ದುಡಿಸಿದರೆ ಮಾಲೀಕನೇ ಜವಾಬ್ದಾರ.

ನಾವು ಮಾಡುವ ಇನ್ನೊಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಎರಡು ಗಂಟೆ ಕುಲುಕಿಸಿಕೊಂಡು ಬಂದವನನ್ನು ಇಳಿದ ಮರುಕ್ಷಣವೇ “ಆ ಚೀಲಕ್ಕೊಂದು ಕೈ ಹಾಕೋ” ಎನ್ನುತ್ತೇವೆ. ಐವತ್ತು ಕಿಲೋ ಚೆರ್ರಿ ಚೀಲ. ಬೆನ್ನಿನ ಸ್ನಾಯುಗಳು ದಣಿದಿರುತ್ತವೆ, ಡಿಸ್ಕು ಒತ್ತಡದಲ್ಲಿರುತ್ತದೆ. ಬಗ್ಗಿ ಎತ್ತಿದರೆ ಹಿಡಿದುಕೊಳ್ಳುವುದು ಆಗಲೇ. ಹತ್ತು ನಿಮಿಷ ಓಡಾಡಲಿ, ನೀರು ಕುಡಿಯಲಿ, ಆಮೇಲೆ ಮುಟ್ಟಲಿ. ಇದಕ್ಕೆ ಕಾಸಿನ ಖರ್ಚಿಲ್ಲ.

ನಾನು ಮಾಡಿಸಿದ್ದು ಇಷ್ಟು. ವೆಲ್ಡಿಂಗ್ ಅಂಗಡಿಯಲ್ಲಿ ಹಳೇ ಸೀಟು ಬಿಚ್ಚಿಸಿ, ಗುಜರಿಗೆ ಬಂದಿದ್ದ ಕಾರಿನ ಹಿಂದೆಮುಂದೆ ಸರಿಯುವ, ಒರಗು ಹೊಂದಿಸಿಕೊಳ್ಳುವ ಸೀಟೊಂದನ್ನು ಕೂರಿಸಿದೆ. ಗಟ್ಟಿ ಫೋಮು ಹಾಕಿ ಸೊಂಟದ ಕಡೆ ಸ್ವಲ್ಪ ಉಬ್ಬು ಕೊಡಿಸಿದೆ. ರೆಕ್ಸಿನ್ ಬದಲು ಬೆವರು ಹೀರುವ ಬಟ್ಟೆ. ಎಲ್ಲ ಸೇರಿ ಆದ ಖರ್ಚು ಒಂದು ಟಯರಿಗಿಂತ ಕಡಿಮೆ. ಸ್ಪ್ರಿಂಗಿನ ಪಟ್ಟಿಗಳನ್ನು ಬಿಚ್ಚಿ ತುಕ್ಕು ತೆಗೆಸಿ ಗ್ರೀಸು ಹಾಕಿಸಿದ್ದಕ್ಕೆ ಒಂದು ದಿನದ ಕೂಲಿ. ಅಷ್ಟಕ್ಕೆ ಜೀಪು ಮೇನೆಯಾಯಿತು ಎಂದು ಹೇಳಲಾರೆ. ಘಾಟಿ ರಸ್ತೆಯ ಗುಂಡಿಗಳು ಇದ್ದಲ್ಲೇ ಇವೆ. ಡ್ರೈವರ್ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳು ಮನೆಯಲ್ಲಿದ್ದ, ಸಂಬಳ ನಿಲ್ಲಿಸಲಿಲ್ಲ. ಈಗ ಬರುತ್ತಿದ್ದಾನೆ, ಆದರೆ ಒಂದೂವರೆ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಇಳಿಯುತ್ತಾನೆ. ನಾನು ಗಡಿಯಾರ ನೋಡುವುದಿಲ್ಲ.

ಸಂಘಕ್ಕೆ ನನ್ನ ಕೋರಿಕೆ ಇದೆ. ಕಣಗಳಿಂದ ಗೋದಾಮಿಗೆ ಅಡಿಕೆ, ಕಾಫಿ ಸಾಗಿಸಲು ಸಂಘ ಬಾಡಿಗೆ ಗಾಡಿಗಳನ್ನು ಗೊತ್ತು ಮಾಡುವಾಗ ಇನ್‌ಶೂರೆನ್ಸ್, ಟಯರು, ಬ್ರೇಕು ನೋಡುತ್ತದೆ. ಇನ್ನು ಮುಂದೆ ಡ್ರೈವರನ ಸೀಟನ್ನೂ ನೋಡಲಿ. ಸೀಟು ಬದಲಾಯಿಸಲು ಸಣ್ಣ ಸಾಲವನ್ನು ವಾಹನ ದುರಸ್ತಿ ಲೆಕ್ಕದಲ್ಲೇ ಕೊಡಲಿ. ವರ್ಷಕ್ಕೊಮ್ಮೆ ಕೊಯ್ಲಿಗೆ ಮುಂಚೆ ಸದಸ್ಯರ ಡ್ರೈವರುಗಳಿಗೆ ವೈದ್ಯರ ತಪಾಸಣೆ ಏರ್ಪಡಿಸಲಿ. ಅಲ್ಲಿ ಮಾಲೀಕರು ಹತ್ತಿರ ನಿಲ್ಲದಿರಲಿ, ಆಗ ಅವರು ನೋವು ಎಲ್ಲಿದೆಯೆಂದು ಸರಿಯಾಗಿ ಹೇಳಿಯಾರು. ಬರುವ ಸರ್ವಸದಸ್ಯರ ಸಭೆಯಲ್ಲಿ ಈ ಮೂರನ್ನೂ ಠರಾವಾಗಿ ಮಂಡಿಸಲಿದ್ದೇನೆ. ಅನುಮೋದಿಸಲು ಒಬ್ಬ ಸದಸ್ಯರು ಬೇಕು. ಅದಕ್ಕೆ ಮೊದಲು ಅವರು ತಮ್ಮ ಜೀಪನ್ನು ತಾವೇ ಒಂದು ದಿನ ಹೊಡೆದು ನೋಡಿ ಬಂದರೆ ಒಳ್ಳೆಯದು.